ಹಲವು ಕೊರಳು, ಒಂದು ದನಿ: ಗಾಸ್ಪೆಲ್ ವೃಂದಗಳ ಧ್ವನಿಮುದ್ರಣ ಮತ್ತು ಒಡೆತನದ ಪ್ರಶ್ನೆ

ಅಮೆರಿಕದ ಟೆನೆಸ್ಸಿ ರಾಜ್ಯ 2024ರ ಮಾರ್ಚ್‌ನಲ್ಲಿ ಹೊಸದೊಂದು ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಜುಲೈ 1ರಿಂದ ಅದು ಜಾರಿಗೆ ಬಂತು. ಎಲ್ವಿಸ್ ಪ್ರೀಸ್ಲಿಯ ನೆನಪಾಗುವಂತೆ ‘ಎಲ್ವಿಸ್ ಕಾಯ್ದೆ’ ಎಂದು ಹೆಸರಿಟ್ಟುಕೊಂಡ ಈ ಶಾಸನದ ಉದ್ದೇಶ, ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಗಾಯಕರ ದನಿಯನ್ನು ಅವರ ಅಪ್ಪಣೆಯಿಲ್ಲದೆ ಅನುಕರಿಸುವುದನ್ನು ತಡೆಯುವುದು. ಹೆಸರು ಮತ್ತು ಭಾವಚಿತ್ರದ ಜೊತೆಗೆ ದನಿಯೂ ಪ್ರತಿಯೊಬ್ಬ ವ್ಯಕ್ತಿಯ ಸ್ವತ್ತು ಎಂದು ಅದು ಸಾರುತ್ತದೆ. ದನಿ ಎಂದರೆ ಏನು ಎಂಬುದನ್ನೂ ಅದು ಗೊತ್ತುಮಾಡಿದೆ: ನಿರ್ದಿಷ್ಟ ವ್ಯಕ್ತಿಯೊಬ್ಬರದೆಂದು ಸುಲಭವಾಗಿ ಗುರುತಿಸಬಹುದಾದ ನಾದ, ಅದು ಅಸಲಿಯಾಗಿರಲಿ, ಅನುಕರಣೆಯಾಗಿರಲಿ. ಒಂಟಿಯಾಗಿ ಹಾಡುವವರಿಗೆ ಇದು ಒಳ್ಳೆಯ ಆಸರೆ. ಆದರೆ ಅದೇ ರಾಜ್ಯದ ರಾಜಧಾನಿ ನ್ಯಾಶ್‌ವಿಲ್‌ನಲ್ಲಿ ಫಿಸ್ಕ್ ಜೂಬಿಲಿ ಸಿಂಗರ್ಸ್ ಎಂಬ ಗಾಯಕವೃಂದ ಒಂದೂವರೆ ಶತಮಾನದಿಂದ ಹಾಡುತ್ತಿದೆ. ಅಂಥ ವೃಂದಕ್ಕೆ ಸೇರಿದವರು ಮೊದಲು ಕಲಿಯಬೇಕಾದದ್ದೇ ತಮ್ಮ ಕೊರಳು ಬೇರೆಯಾಗಿ ಎದ್ದು ಕೇಳದಂತೆ ಹಾಡುವುದನ್ನು. ಕಾನೂನು ಕಾಪಾಡುವುದು ಬಿಡಿಯಾಗಿ ಗುರುತು ಹತ್ತುವ ದನಿಯನ್ನು. ವೃಂದದ ಹೆಗ್ಗಳಿಕೆಯಿರುವುದು ಗುರುತು ಹತ್ತದಂತೆ ಬೆರೆಯುವುದರಲ್ಲಿ.

ಈ ತೊಡಕನ್ನು ತಂದಿಟ್ಟದ್ದು ಕೃತಕ ಬುದ್ಧಿಮತ್ತೆಯೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಧ್ವನಿಮುದ್ರಣದ ಚರಿತ್ರೆ ಹಾಗೆ ಹೇಳುವುದಿಲ್ಲ. ಕಹಳೆ, ಮೈಕು, ಟೇಪು, ಕಂಪ್ಯೂಟರು ಹೀಗೆ ಬಂದ ಒಂದೊಂದು ಯಂತ್ರವೂ, ಗಾಸ್ಪೆಲ್ ಎಂಬ ಭಕ್ತಿಗೀತೆಗಳನ್ನು ಹಾಡುವ ಆಫ್ರಿಕನ್ ಅಮೆರಿಕನ್ ಚರ್ಚುಗಳ ವೃಂದಗಳನ್ನು ತನ್ನದೇ ಬಗೆಯಲ್ಲಿ ಕೇಳಿಸಿಕೊಂಡಿತು, ತನಗೆ ಒಗ್ಗುವಷ್ಟನ್ನು ಮಾತ್ರ ಉಳಿಸಿಕೊಂಡಿತು. ಹೆಸರು, ಹಕ್ಕು, ಹಣ ಈ ಮೂರರಲ್ಲಿಯೂ ಹಿಂದಿನ ಸಾಲುಗಳಲ್ಲಿ ನಿಂತು ಹಾಡಿದವರು ಯಾವ ಕಾಲದಲ್ಲಿಯೂ ಸರಿಯಾಗಿ ಲೆಕ್ಕಕ್ಕೆ ಬರಲಿಲ್ಲ. ಇಂದು ನ್ಯಾಯಾಲಯಗಳ ಮುಂದೆ ಬಂದು ನಿಂತಿರುವ ಪ್ರಶ್ನೆಗಳಲ್ಲಿ ಬಹಳಷ್ಟು ಆ ಹಳೆಯ ಬಾಕಿಯ ಮುಂದುವರಿಕೆ.

ಫಿಸ್ಕ್ ವಿಶ್ವವಿದ್ಯಾಲಯ ಗುಲಾಮಗಿರಿಯಿಂದ ಬಿಡುಗಡೆಯಾದವರ ಶಿಕ್ಷಣಕ್ಕಾಗಿ 1866ರಲ್ಲಿ ಆರಂಭವಾದ ಸಂಸ್ಥೆ. ಐದೇ ವರ್ಷಗಳಲ್ಲಿ ಅದರ ಬೊಕ್ಕಸ ಬರಿದಾದಾಗ, ಖಜಾಂಚಿಯೂ ಸಂಗೀತ ಶಿಕ್ಷಕನೂ ಆಗಿದ್ದ ಜಾರ್ಜ್ ವೈಟ್ ಒಂದು ಸಣ್ಣ ವಿದ್ಯಾರ್ಥಿ ತಂಡವನ್ನು ಕಟ್ಟಿಕೊಂಡು 1871ರ ಅಕ್ಟೋಬರ್ 6ರಂದು ಹಣ ಕೂಡಿಸುವ ಪ್ರವಾಸಕ್ಕೆ ಹೊರಟನು. ತಂಡದಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿದ್ದರು. ಪಿಯಾನೋ ನುಡಿಸುತ್ತಿದ್ದ ಎಲ್ಲಾ ಶೆಪರ್ಡ್ ಅದರ ಜೀವಾಳವಾಗಿದ್ದಳು. ಗುಲಾಮರು ಹೊಲಗದ್ದೆಗಳಲ್ಲಿ, ಗುಟ್ಟಾಗಿ ಸೇರಿದ ಪ್ರಾರ್ಥನೆಗಳಲ್ಲಿ ಹಾಡಿಕೊಳ್ಳುತ್ತಿದ್ದ ಹಾಡುಗಳನ್ನು ಅವರು ಸಭಾಂಗಣಗಳಿಗೆ ತಂದರು, 1873ರಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು, ಗಳಿಸಿದ ಹಣದಿಂದ ಕಾಲೇಜಿಗೆ ಜೂಬಿಲಿ ಹಾಲ್ ಎಂಬ ಕಟ್ಟಡ ಕಟ್ಟಿಸಿಕೊಟ್ಟರು. ಮುಂದೆ ಫ್ರೆಡರಿಕ್ ಲೌಡಿನ್ ನಡೆಸಿದ ತಂಡ 1880ರ ದಶಕದಲ್ಲಿ ಆಸ್ಟ್ರೇಲಿಯಾವನ್ನು ಸುತ್ತಿ ಭಾರತಕ್ಕೂ ಬಂದಿತ್ತು. (ಕಟ್ಟುನಿಟ್ಟಾಗಿ ಹೇಳುವುದಾದರೆ ಇವರು ಹಾಡಿದ್ದು ಸ್ಪಿರಿಚುಯಲ್ ಎನ್ನಿಸಿಕೊಂಡ ಆ ಗುಲಾಮರ ಹಾಡುಗಳನ್ನು, ಗಾಸ್ಪೆಲ್ ಎಂದು ಇಂದು ನಾವು ಕರೆಯುವ, ಬ್ಲೂಸ್ ಎಂಬ ಕಪ್ಪುಜನರ ಲೌಕಿಕ ಸಂಗೀತದ ಲಯ ಬೆರೆತ, ಗೊತ್ತಾದ ರಚನಕಾರರಿರುವ ಹಾಡುಗಳು ಇಪ್ಪತ್ತನೆಯ ಶತಮಾನದವು. ಎರಡನೆಯದು ಮೊದಲನೆಯದರ ನೆಲದಲ್ಲಿಯೇ ಬೆಳೆದದ್ದರಿಂದ ಇಲ್ಲಿ ಒಟ್ಟಾಗಿ ನೋಡಿದ್ದೇನೆ.)

ಈ ಮೊದಲ ತಲೆಮಾರು ಹಾಡಿದ್ದು ಹೇಗಿತ್ತು ಎಂಬುದಕ್ಕೆ ನಮ್ಮ ಬಳಿ ಒಂದು ಸೆಕೆಂಡಿನ ನಾದವೂ ಇಲ್ಲ. ಫಿಸ್ಕ್ ಹೆಸರಿನಲ್ಲಿ ಹೊರಬಂದ ಮೊದಲ ಮುದ್ರಿಕೆಗಳು 1909ರ ಡಿಸೆಂಬರಿನವು. ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ವಿಕ್ಟರ್ ಕಂಪನಿಗಾಗಿ ಹಾಡಿದವು. ಹಾಡಿದ್ದು ವೃಂದವಲ್ಲ, ನಾಲ್ವರು ಗಂಡಸರು: ಜಾನ್ ವರ್ಕ್, ಜೇಮ್ಸ್ ಮೈಯರ್ಸ್, ಆಲ್ಫ್ರೆಡ್ ಕಿಂಗ್, ನೋವಾ ರೈಡರ್. ದೊಡ್ಡ ಮಿಶ್ರ ತಂಡವನ್ನು ಊರೂರು ತಿರುಗಿಸುವುದು ದುಬಾರಿಯಾಗಿತ್ತು ಎಂಬುದು ಇದಕ್ಕೆ ಒಂದು ಕಾರಣ. ಅಂದಿನ ಯಂತ್ರದ ಮಿತಿಯೂ ಅದೇ ದಿಕ್ಕಿಗೆ ತಳ್ಳುತ್ತಿತ್ತು.

ಆ ಯಂತ್ರದಲ್ಲಿ ವಿದ್ಯುತ್ತಿಗೆ ಕೆಲಸವೇ ಇರಲಿಲ್ಲ. ಹಾಡುವವರು ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ನಿಲ್ಲಬೇಕು. ಅವರ ಉಸಿರಿನಿಂದ ಎದ್ದ ಗಾಳಿಯ ಕಂಪನವೇ ಕಹಳೆಯ ತುದಿಯ ತೆಳುಪೊರೆಯನ್ನು ಅಲುಗಿಸಿ, ಅದಕ್ಕೆ ಅಂಟಿದ ಸೂಜಿಯಿಂದ ತಿರುಗುವ ಮೇಣದ ಮೇಲೆ ಗೀರು ಕೊರೆಯಬೇಕು. ದನಿಯನ್ನು ಹಿಗ್ಗಿಸುವ ಉಪಾಯವಿಲ್ಲದ್ದರಿಂದ ಕಹಳೆಗೆ ಹತ್ತಿರವಿದ್ದವರ ದನಿ ದಾಖಲಾಗುತ್ತಿತ್ತು, ನಾಲ್ಕು ಹೆಜ್ಜೆ ಹಿಂದಿದ್ದವರದು ಮಸುಕಾಗುತ್ತಿತ್ತು. ತೀರ ತಗ್ಗಿನ ಮಂದ್ರವನ್ನಾಗಲಿ, ‘ಸ’ಕಾರದಂಥ ತೀಕ್ಷ್ಣ ವ್ಯಂಜನಗಳನ್ನಾಗಲಿ ಆ ಪೊರೆ ಹಿಡಿಯುತ್ತಿರಲಿಲ್ಲ. ಹತ್ತಿಂಚಿನ ತಟ್ಟೆಯಲ್ಲಿ ಮೂರು ನಿಮಿಷಕ್ಕೆ ಮಿಕ್ಕಿ ಹೆಚ್ಚು ಹಿಡಿಸುತ್ತಿರಲಿಲ್ಲ. ಐವತ್ತು ಜನ ನಿಂತು, ಚಪ್ಪಾಳೆ ತಟ್ಟಿ, ಒಂದೇ ಸಾಲನ್ನು ಮತ್ತೆ ಮತ್ತೆ ಏರಿಸುತ್ತ ಹತ್ತು ನಿಮಿಷ ಹಾಡುವ ಪದ್ಧತಿಗೆ ಇದಕ್ಕಿಂತ ಒಗ್ಗದ ಸಾಧನವನ್ನು ಊಹಿಸುವುದು ಕಷ್ಟ. ಹೀಗಾಗಿ ಕಪ್ಪುಜನರ ಧಾರ್ಮಿಕ ಗಾಯನದ ಆರಂಭದ ಮುದ್ರಿಕೆಗಳಲ್ಲಿ ನಮಗೆ ಹೆಚ್ಚಾಗಿ ಸಿಗುವುದು ಪುರುಷರ ಚತುಷ್ಕಗಳು. 1909ರ ಆ ತಟ್ಟೆಯೊಂದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯ ಮೊದಲ ಕಂತಿಗೆ, 2002ರಲ್ಲಿ, ಸೇರಿಸಿತು. ಅದು ಸಲ್ಲಬೇಕಾದ ಗೌರವವೇ. ಆದರೂ ಚರ್ಚುಗಳಲ್ಲಿ ಹಾಡಿದವರಲ್ಲಿ ಬಹುಪಾಲು ಹೆಂಗಸರಾಗಿದ್ದ ಕಾಲದ ಅಧಿಕೃತ ನಾದವಾಗಿ ನಾಲ್ಕು ಗಂಡು ದನಿಗಳು ಉಳಿದವು ಎಂಬುದನ್ನು ಮರೆಯಬಾರದು.

1925ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ವಿದ್ಯುತ್ ಧ್ವನಿಮುದ್ರಣ ಬಂದಾಗ ಈ ಮಿತಿ ಒಮ್ಮೆಲೇ ಸಡಿಲವಾಯಿತು. ಕಹಳೆಯ ಜಾಗದಲ್ಲಿ ಮೈಕು, ಅದರ ಹಿಂದೆ ದನಿ ಹಿಗ್ಗಿಸುವ ವಾಲ್ವುಗಳು. ಈ ಹೊಸ ಸಾಧನದ ಬಲವನ್ನು ತೋರಿಸಲು ಕೊಲಂಬಿಯಾ ಕಂಪನಿ ಆರಿಸಿಕೊಂಡದ್ದು ಒಂದು ಮಹಾವೃಂದವನ್ನೇ ಎಂಬುದು ಗಮನಿಸಬೇಕಾದ ಸಂಗತಿ. ಅದೇ ವರ್ಷದ ಮಾರ್ಚ್ 31ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ 850 ಗಾಯಕರು ಹಾಡಿದ್ದನ್ನು, ಕೊನೆಗೆ ಸಭಿಕರೂ ದನಿಗೂಡಿಸಿದ್ದನ್ನು ಮುದ್ರಿಸಿ ಮಾರಾಟಕ್ಕೆ ಬಿಡಲಾಯಿತು. ಸಾವಿರಾರು ಕೊರಳುಗಳು ಒಂದು ತಟ್ಟೆಯೊಳಗೆ ಕೂತವು. ಅಂದರೆ ದೊಡ್ಡ ವೃಂದವನ್ನು ಮುದ್ರಿಸುವುದು ತಾಂತ್ರಿಕವಾಗಿ ಅಂದೇ ಸಾಧ್ಯವಿತ್ತು. ಆದರೆ ಆ 850 ಜನ ಗ್ಲೀ ಕ್ಲಬ್ಬುಗಳೆಂಬ ಗಾಯನ ಸಂಘಗಳ ಬಿಳಿಯ ಗಂಡಸರು. ಕಪ್ಪುಜನರ ಮಾರುಕಟ್ಟೆಗೆಂದು ಕಂಪನಿಗಳು ಬೇರೆ ಸರಣಿಗಳನ್ನೇ ಇಟ್ಟಿದ್ದವು. ಅಲ್ಲಿ 1926ರಿಂದ ಬಿರುಸಾಗಿ ಮಾರಾಟವಾದದ್ದು ಅಟ್ಲಾಂಟಾದ ಜೆ.ಎಂ. ಗೇಟ್ಸ್‌ರಂಥ ಬೋಧಕರ ಪ್ರವಚನಗಳು, ಹಿಂದೆ ದನಿಗೂಡಿಸಲು ಬೆರಳೆಣಿಕೆಯ ಭಕ್ತರು. ಖರ್ಚು ಕಡಿಮೆ, ಲಾಭ ಹೆಚ್ಚು.

ಈ ನಡುವೆ ವೃಂದವೇ ಬದಲಾಗುತ್ತಿತ್ತು. ಬ್ಲೂಸ್ ಪಿಯಾನೋ ವಾದಕನಾಗಿದ್ದ ಥಾಮಸ್ ಡೋರ್ಸಿ ಶಿಕಾಗೋದಲ್ಲಿ 1930ರ ದಶಕದ ಮೊದಲಲ್ಲಿ ಗಾಸ್ಪೆಲ್ ವೃಂದಗಳನ್ನು ಕಟ್ಟಿದನು, ಅವುಗಳ ರಾಷ್ಟ್ರೀಯ ಸಮ್ಮೇಳನವನ್ನೂ ಆರಂಭಿಸಿದನು. ದಕ್ಷಿಣದಿಂದ ವಲಸೆ ಬಂದವರಿಂದ ತುಂಬಿದ್ದ ನಗರದ ಚರ್ಚುಗಳಲ್ಲಿ ಐವತ್ತು, ನೂರು ಜನರ ವೃಂದಗಳು ನಿಲುವಂಗಿ ತೊಟ್ಟು ನಿಂತವು. 1930ರ ದಶಕದ ನಡುವೆ ಬಂದ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ ಅವಕ್ಕೆ ಜೊತೆಯಾಯಿತು. ತಟ್ಟೆಗಳಿಗಿಂತ ಮೊದಲು ಇವುಗಳನ್ನು ದೇಶಕ್ಕೆ ಮುಟ್ಟಿಸಿದ್ದು ರೇಡಿಯೋ. ಕ್ಲೀವ್‌ಲ್ಯಾಂಡಿನ ವಿಂಗ್ಸ್ ಓವರ್ ಜೋರ್ಡನ್ ವೃಂದ 1938ರಿಂದ ಸಿಬಿಎಸ್ ಜಾಲದಲ್ಲಿ ಹಾಡಿತು. ರೇಡಿಯೋಗೆ ಮೂರು ನಿಮಿಷದ ಅಂಕೆಯಿರಲಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ ಎಂದು ನನಗೆ ತೋರುತ್ತದೆ.

ವೃಂದದ ಧ್ವನಿಮುದ್ರಣಕ್ಕೆ ನಿಜವಾದ ತಿರುವು ಕೊಟ್ಟದ್ದು ಎರಡನೆಯ ಮಹಾಯುದ್ಧದ ನಂತರ ಬಂದ ಎರಡು ಸಾಧನಗಳು: ಜರ್ಮನಿಯಿಂದ ಅಮೆರಿಕಕ್ಕೆ ಬಂದು ಆಂಪೆಕ್ಸ್ ಕಂಪನಿಯ ಕೈಯಲ್ಲಿ ಪಳಗಿದ ಕಾಂತೀಯ ಟೇಪು, ಮತ್ತು 1948ರಲ್ಲಿ ಕೊಲಂಬಿಯಾ ಹೊರತಂದ ಎಲ್‌ಪಿ ತಟ್ಟೆ. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ನಿಮಿಷಗಳಷ್ಟು ಜಾಗವಿತ್ತು. ಟೇಪು ಯಂತ್ರವನ್ನು ಗಾಡಿಯಲ್ಲಿ ಹೇರಿಕೊಂಡು ಚರ್ಚಿಗೇ ಒಯ್ಯಬಹುದಿತ್ತು. ಇವೆರಡನ್ನೂ ಕೂಡಿಸಿದ ಪ್ರಯೋಗಕ್ಕೆ ಅತ್ಯುತ್ತಮ ಉದಾಹರಣೆ 1963ರ ಸೆಪ್ಟೆಂಬರ್ 19ರಂದು ನ್ಯೂಜೆರ್ಸಿಯ ನ್ಯೂವಾರ್ಕಿನ ಚರ್ಚೊಂದರಲ್ಲಿ ಮುದ್ರಿಸಿದ ‘ಪೀಸ್ ಬಿ ಸ್ಟಿಲ್’. ಜೇಮ್ಸ್ ಕ್ಲೀವ್‌ಲ್ಯಾಂಡ್ ಹಾಡಿಗೆ ಮುಂದಾಳು, ನಟ್ಲಿ ಊರಿನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನ ಏಂಜಲಿಕ್ ಕ್ವಾಯರ್ ಎಂಬ ವೃಂದ ಹಿಂದೆ. ನಾಲ್ಕು ದಿನಗಳ ಹಿಂದಷ್ಟೇ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಚರ್ಚಿಗೆ ಬಾಂಬಿಟ್ಟು ನಾಲ್ವರು ಹುಡುಗಿಯರನ್ನು ಕೊಂದಿದ್ದರು. ಬಿರುಗಾಳಿಗೆ ಸಿಕ್ಕ ದೋಣಿಯ ಕುರಿತ ಹತ್ತೊಂಬತ್ತನೆಯ ಶತಮಾನದ ಹಳೆಯ ಸ್ತೋತ್ರವನ್ನು ಆ ವಾರ ಆ ಜನ ಹಾಡಿದರು.

ಈ ಮುದ್ರಿಕೆಯನ್ನು ಕಿವಿಗೊಟ್ಟು ಕೇಳಿದರೆ ತಿಳಿಯುವ ಮಾತೆಂದರೆ, ಇಲ್ಲಿ ಮುದ್ರಣವಾಗಿರುವುದು ಹಾಡಷ್ಟೇ ಅಲ್ಲ. ಕ್ಲೀವ್‌ಲ್ಯಾಂಡನ ಒರಟು ಕಂಠ ಒಂದು ಸಾಲನ್ನು ಎಸೆದಾಗ ವೃಂದ ಅದನ್ನು ಹಿಡಿಯುತ್ತದೆ; ವೃಂದ ಏರಿದಾಗ ಬೆಂಚುಗಳಿಂದ ಕೂಗು ಏಳುತ್ತದೆ; ಆ ಕೂಗಿಗೆ ಮತ್ತೆ ವೃಂದ ಉತ್ತರಿಸುತ್ತದೆ. ಸ್ಟುಡಿಯೋದಲ್ಲಿ ಈ ಕೊಡುಕೊಳೆ ಹುಟ್ಟುವಂತಿರಲಿಲ್ಲ. ಚರ್ಚಿನ ಗೋಡೆಗಳಿಂದ ಮರಳಿ ಬಂದ ನಾದವೂ ಒಂದು ವಾದ್ಯದಂತೆ ಕೆಲಸ ಮಾಡಿತು. ಸ್ಟುಡಿಯೋದ ಸ್ವಚ್ಛತೆಗೆ ಹಾತೊರೆಯುತ್ತಿದ್ದ ಉದ್ಯಮಕ್ಕೆ, ಗದ್ದಲವೆಂದು ತಾನು ಕತ್ತರಿಸಿ ಬಿಸಾಡುತ್ತಿದ್ದ ಭಾಗಕ್ಕೇ ಕೊಳ್ಳುವವರಿದ್ದಾರೆ ಎಂಬುದನ್ನು ಕಲಿಸಿದ್ದು ಈ ಬಗೆಯ ತಟ್ಟೆಗಳು. ಅಲ್ಲಿಂದ ಮುಂದೆ ಗಾಸ್ಪೆಲ್ ವೃಂದದ ಮುದ್ರಿಕೆಯೆಂದರೆ ಸಭೆಯ ನಡುವೆ, ಜೀವಂತವಾಗಿ ಮುದ್ರಿಸಿದ್ದು ಎಂಬುದೇ ವಾಡಿಕೆಯಾಯಿತು. ಮುಖಪುಟದಲ್ಲಿ ಮೊದಲಿಗೆ ಮುಂದಾಳಿನ ಹೆಸರು, ಅನಂತರ ವೃಂದದ ಹೆಸರು ಎಂಬ ವಾಡಿಕೆಯೂ ಅದರೊಂದಿಗೇ ಗಟ್ಟಿಯಾಯಿತು. ಮುದ್ರಣದ ಒಡೆತನವಂತೂ ತಟ್ಟೆ ಹೊರತಂದ ಸವಾಯ್ ಕಂಪನಿಯದು.

ಕ್ಯಾಲಿಫೋರ್ನಿಯಾದ ಇನ್ನೊಂದು ಪ್ರಕರಣ ಈ ಒಡೆತನದ ಕಥೆಯನ್ನು ಇನ್ನೂ ಸ್ಪಷ್ಟವಾಗಿ ಬಿಡಿಸಿಡುತ್ತದೆ. 1960ರ ದಶಕದ ಉತ್ತರಾರ್ಧದಲ್ಲಿ ಎಡ್ವಿನ್ ಹಾಕಿನ್ಸ್ ಎಂಬ ಯುವಕ ಅಲ್ಲಿನ ಹುಡುಗ ಹುಡುಗಿಯರ ವೃಂದವೊಂದನ್ನು ಬರ್ಕ್ಲಿಯ ಚರ್ಚಿನಲ್ಲಿ ನಿಲ್ಲಿಸಿ, ಎರಡೇ ಟ್ರ್ಯಾಕುಗಳ, ಅಂದರೆ ದನಿಗೆ ಎರಡೇ ಬೇರೆ ಪಟ್ಟಿಗಳಿರುವ, ಯಂತ್ರದಲ್ಲಿ ಒಂದು ಎಲ್‌ಪಿ ಮುದ್ರಿಸಿದನು. ವಾಷಿಂಗ್ಟನ್ನಿನ ಯುವಜನ ಸಮಾವೇಶಕ್ಕೆ ಹೋಗಿಬರುವ ಖರ್ಚು ಹುಟ್ಟಿಸುವುದಷ್ಟೇ ಗುರಿ. ದುಡ್ಡು ಕೊಟ್ಟವರಿಗೆ ತಟ್ಟೆ ಮಾಡಿಕೊಡುವ ಕಂಪನಿಯೊಂದು 500 ಪ್ರತಿಗಳನ್ನು ಮಾಡಿಕೊಟ್ಟಿತು. ಅದರಲ್ಲಿ ಒಂದು ಸ್ಯಾನ್‌ಫ್ರಾನ್ಸಿಸ್ಕೋದ ರಾಕ್ ಸಂಗೀತದ ರೇಡಿಯೋ ಕೇಂದ್ರಕ್ಕೆ ತಲುಪಿ, ‘ಓ ಹ್ಯಾಪಿ ಡೇ’ ಎಂಬ ಹಾಡು ಪದೇ ಪದೇ ಪ್ರಸಾರವಾಯಿತು. 1969ರಲ್ಲಿ ಬುದ್ದಾ ಎಂಬ ಧ್ವನಿಮುದ್ರಣ ಕಂಪನಿ ಅದನ್ನು ದೇಶಕ್ಕೆಲ್ಲ ಬಿಡುಗಡೆ ಮಾಡಿದಾಗ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 4ನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ 2ನೆಯ ಸ್ಥಾನಕ್ಕೂ ಏರಿತು. ಮರುವರ್ಷ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಹದಿನೆಂಟನೆಯ ಶತಮಾನದ ಬ್ರಿಟಿಷ್ ಸ್ತೋತ್ರವೊಂದಕ್ಕೆ ಹಾಕಿನ್ಸ್ ತೊಡಿಸಿದ ಹೊಸ ಲಯ, ಡೊರೊತಿ ಮಾರಿಸನ್‌ಳ ಕಂಠ, ಅಂಚುಗಳು ಕಲಸಿದಂತಿರುವ ಆ ಅಗ್ಗದ ಮುದ್ರಣ ಎಲ್ಲ ಸೇರಿ ಅದರ ಮೋಹಕತೆಯಾಯಿತು.

ಚರ್ಚಿನಲ್ಲಿ ಹಾಡಿದಾಗ ಆ ವೃಂದಕ್ಕೆ ಇದ್ದ ಹೆಸರು ‘ನಾರ್ದರ್ನ್ ಕ್ಯಾಲಿಫೋರ್ನಿಯಾ ಸ್ಟೇಟ್ ಯೂತ್ ಕ್ವಾಯರ್’. ಬುದ್ದಾದ ತಟ್ಟೆಯಲ್ಲಿ ಅದು ‘ಎಡ್ವಿನ್ ಹಾಕಿನ್ಸ್ ಸಿಂಗರ್ಸ್’ ಆಯಿತು. ಸಮುದಾಯದ ಹೆಸರು ಹೋಗಿ ವ್ಯಕ್ತಿಯ ಹೆಸರು ಬಂದದ್ದು ಮಾರಾಟದ ಅನುಕೂಲಕ್ಕೆ. ಆದರೆ ಕಾಗದಪತ್ರಗಳಲ್ಲಿ ಹಾಗೆ ಬರೆದದ್ದು ಮುಂದಿನ ಎಲ್ಲ ಲೆಕ್ಕಗಳಿಗೂ ತಳಪಾಯವಾಗುತ್ತದೆ. 2018ರ ಸಂಗೀತ ಆಧುನೀಕರಣ ಕಾಯ್ದೆಯ ಪ್ರಕಾರ ಅಮೆರಿಕದಲ್ಲಿ 1957ರಿಂದ 1972ರ ಫೆಬ್ರುವರಿ ನಡುವಿನ ಮುದ್ರಿಕೆಗಳ ಮೇಲಿನ ಹಕ್ಕು 2067ರವರೆಗೆ ಉಳಿಯುತ್ತದೆ. ಪ್ರವಾಸದ ಖರ್ಚಿಗೆಂದು ಒಂದು ಸಂಜೆ ಹಾಡಿದ ಹದಿಹರೆಯದವರಲ್ಲಿ ಯಾರೂ ಬಹುಶಃ ಅದರ ಅವಧಿ ಮುಗಿಯುವುದನ್ನು ನೋಡಲಾರರು.

ಒಪ್ಪಿಗೆಯ ಪ್ರಶ್ನೆಯನ್ನು ಎತ್ತಿದ್ದು ಇನ್ನೊಂದು ಪ್ರಸಂಗ. 1972ರ ಜನವರಿ 13 ಮತ್ತು 14ರಂದು ಖ್ಯಾತ ಗಾಯಕಿ ಅರೀತಾ ಫ್ರಾಂಕ್ಲಿನ್ ಲಾಸ್ ಏಂಜಲೀಸಿನ ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕ್ವಾಯರ್ ಜೊತೆ ಹಾಡಿದಳು. ಆ ಎಲ್‌ಪಿ ಅವಳ ಅತಿ ಹೆಚ್ಚು ಮಾರಾಟವಾದ ಮುದ್ರಿಕೆಗಳ ಸಾಲಿಗೆ ಸೇರಿತು. ಅಂದು ನಿರ್ದೇಶಕ ಸಿಡ್ನಿ ಪೊಲ್ಲಾಕ್ ಇಡೀ ಕಾರ್ಯಕ್ರಮವನ್ನು ಚಿತ್ರೀಕರಿಸಿದ್ದನು; ಆದರೆ ಪ್ರತಿ ಚಿತ್ರಿಕೆಯ ಮೊದಲು ಹಲಗೆ ತಟ್ಟಿ ಗುರುತು ಮಾಡಿಕೊಳ್ಳದ ಕಾರಣ ಚಿತ್ರ ಮತ್ತು ಧ್ವನಿಯನ್ನು ಹೊಂದಿಸಲಾಗಲಿಲ್ಲ. ವೃಂದದ ಮುಖಗಳು ಹೀಗೆ ಸುಮಾರು ನಾಲ್ಕು ದಶಕ ಡಬ್ಬಿಗಳಲ್ಲಿ ಕೂತವು. ಡಿಜಿಟಲ್ ಸಂಕಲನ ಬಂದ ಮೇಲೆ ನಿರ್ಮಾಪಕ ಅಲನ್ ಎಲಿಯಟ್ ಆ ಕೆಲಸವನ್ನು ಪೂರ್ತಿಗೊಳಿಸಿದನು. ಆಗ ಅರೀತಾ ತನ್ನ ಅನುಮತಿಯಿಲ್ಲವೆಂದು ನ್ಯಾಯಾಲಯಕ್ಕೆ ಹೋಗಿ ಪ್ರದರ್ಶನವನ್ನು ತಡೆದಳು. 2018ರಲ್ಲಿ ಅವಳು ತೀರಿಕೊಂಡ ಮೇಲೆ ಅವಳ ವಾರಸುದಾರರ ಒಪ್ಪಿಗೆಯೊಂದಿಗೆ ಚಿತ್ರ ಹೊರಬಂತು. ಅವಳಿಗೆ ಹೆಸರಿತ್ತು, ವಕೀಲರಿದ್ದರು; ತಡೆಯುವುದು ಸಾಧ್ಯವಾಯಿತು. ಅದೇ ಚಿತ್ರದಲ್ಲಿ ಅಷ್ಟೇ ಸ್ಪಷ್ಟವಾಗಿ ಕಾಣುವ, ಕೇಳುವ ವೃಂದದ ಸದಸ್ಯರೊಬ್ಬರು ಬೇಡವೆಂದಿದ್ದರೆ ಪ್ರದರ್ಶನ ನಿಲ್ಲುತ್ತಿತ್ತೇ ಎಂಬುದು ಅನುಮಾನ.

ಕ್ಯಾಸೆಟ್ಟು, ಸಿಡಿ, ವಿಡಿಯೋ ಬಂದ ದಶಕಗಳನ್ನು ಇಲ್ಲಿ ಬೇಗ ದಾಟಬಹುದು. ಮಿಸಿಸಿಪಿಯ ಮಲಾಕೋ ಕಂಪನಿ 1988ರಲ್ಲಿ ಮಿಸಿಸಿಪಿ ಮಾಸ್ ಕ್ವಾಯರನ್ನು ಜಾಕ್ಸನ್ ನಗರದ ಸಭಾಂಗಣದಲ್ಲಿ ಧ್ವನಿ ಮತ್ತು ದೃಶ್ಯ ಎರಡರಲ್ಲಿಯೂ ಮುದ್ರಿಸಿ ಭಾರೀ ಯಶಸ್ಸು ಕಂಡಿತು. 1990ರ ದಶಕದಲ್ಲಿ ಅಗ್ಗದ ಡಿಜಿಟಲ್ ಟೇಪು ಯಂತ್ರಗಳು ಬಂದು ಸಣ್ಣ ಚರ್ಚುಗಳೂ ತಮ್ಮ ಮುದ್ರಣವನ್ನು ತಾವೇ ಮಾಡಿಕೊಳ್ಳತೊಡಗಿದವು. ಅದೇ ಕಾಲದಲ್ಲಿ ಬೆಳೆದ ಸ್ಯಾಂಪ್ಲಿಂಗ್, ಅಂದರೆ ಹಳೆಯ ಮುದ್ರಿಕೆಯ ತುಣುಕನ್ನು ಕತ್ತರಿಸಿ ಹೊಸ ಹಾಡಿನಲ್ಲಿ ಸುತ್ತಿಸುವ ವಿಧಾನ, ವೃಂದದ ದನಿಯನ್ನು ಮೊದಲ ಬಾರಿಗೆ ಕಚ್ಚಾ ಸಾಮಗ್ರಿಯನ್ನಾಗಿ ಮಾಡಿತು. 2004ರಲ್ಲಿ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್‌ಗೆ ಹೆಸರು ತಂದ ಹಾಡಿನ ತಳದಲ್ಲಿ ಸುತ್ತುವ ದನಿಗಳು ಹಾರ್ಲೆಮಿನ ಮಾದಕವ್ಯಸನ ಪುನರ್ವಸತಿ ಕೇಂದ್ರವೊಂದರ ಗಾಯಕವೃಂದದವು. ಇಂದಿನ ಯಂತ್ರಕಲಿಕೆಗೆ (ರಾಶಿ ಮುದ್ರಿಕೆಗಳನ್ನು ಉಣಿಸಿ ಕಂಪ್ಯೂಟರಿಗೆ ಕಲಿಸುವ ವಿಧಾನಕ್ಕೆ) ಹೋಲಿಸಿದರೆ ಸ್ಯಾಂಪ್ಲಿಂಗ್‌ನಲ್ಲಿ ಒಂದು ಅನುಕೂಲವಿತ್ತು: ಎಲ್ಲಿಂದ ತೆಗೆದದ್ದು ಎಂಬುದನ್ನು ಕಿವಿಯೇ ಪತ್ತೆ ಹಚ್ಚಬಹುದಿತ್ತು, ಪರವಾನಗಿ ಕೇಳಬಹುದಿತ್ತು.

ಈ ಮುದ್ರಿಕೆಗಳಲ್ಲಿ ಎಷ್ಟು ಉಳಿದಿವೆ ಎಂಬುದು ಬೇರೆಯೇ ಚಿಂತೆ. ಪತ್ರಕರ್ತನೂ ಅಧ್ಯಾಪಕನೂ ಆದ ರಾಬರ್ಟ್ ಡಾರ್ಡೆನ್ 2005ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದು, ಕಪ್ಪುಜನರ ಗಾಸ್ಪೆಲ್ ಸಂಗೀತದ ಸುವರ್ಣಯುಗದ ತಟ್ಟೆಗಳಲ್ಲಿ ಹೆಚ್ಚಿನವು ಕೈಗೆ ಸಿಗದಂತಾಗಿವೆ ಎಂದು ಎಚ್ಚರಿಸಿದನು. ಅದನ್ನು ಓದಿದ ದಾನಿಯೊಬ್ಬರ ನೆರವಿನಿಂದ ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ಪುನರುದ್ಧಾರ ಯೋಜನೆ ಆರಂಭವಾಯಿತು. ಅಟ್ಟಗಳಲ್ಲಿ, ನೆಲಮಾಳಿಗೆಗಳಲ್ಲಿ ಬಿದ್ದಿದ್ದ ತಟ್ಟೆಗಳನ್ನು ತರಿಸಿ, ತೊಳೆದು, ಡಿಜಿಟಲ್ ರೂಪಕ್ಕೆ ಇಳಿಸುವ ಕೆಲಸ ಅಂದಿನಿಂದ ನಡೆದಿದೆ. ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ತಟ್ಟೆಗಳ ಹಿಂಬದಿಗಳಲ್ಲಿ ನಾಗರಿಕ ಹಕ್ಕು ಚಳವಳಿಯ ಹಾಡುಗಳು ನಿರೀಕ್ಷೆಗೂ ಮೀರಿ ಸಿಕ್ಕಿದ್ದು ಈ ಕೆಲಸದ ಫಲ. ಸ್ಥಳೀಯ ವೃಂದಗಳು ಸ್ವಂತ ಖರ್ಚಿನಲ್ಲಿ ಮಾಡಿಸಿದ ಕೆಲವು ನೂರು ಪ್ರತಿಗಳ ಮುದ್ರಿಕೆಗಳಿಗೆ ಮೂಲ ಟೇಪು ಹುಡುಕುವುದೇ ವ್ಯರ್ಥ. ಸವೆದ ತಟ್ಟೆಯೇ ಮೂಲ. ದೊಡ್ಡ ಕಂಪನಿಗಳ ಕೈಯಲ್ಲಿದ್ದವೂ ಅದೃಷ್ಟದ ಮೇಲೆ ನಿಂತಿವೆ. ಸವಾಯ್‌ನ ಗಾಸ್ಪೆಲ್ ಸಂಗ್ರಹವನ್ನು 1986ರಲ್ಲಿ ಕೊಂಡಿದ್ದ ಮಲಾಕೋದ ಜಾಕ್ಸನ್ ಕಟ್ಟಡ 2011ರ ಏಪ್ರಿಲ್‌ನ ಸುಂಟರಗಾಳಿಗೆ ನೆಲಸಮವಾಯಿತು. ಮಾಸ್ಟರ್ ಟೇಪುಗಳು ಭದ್ರಕೋಣೆಯಲ್ಲಿ ಇದ್ದುದರಿಂದ ಬದುಕಿದವು.

2020ರ ಕೊರೋನಾ ಕಾಲ ವೃಂದದ ಅರ್ಥವನ್ನೇ ತಲೆಕೆಳಗು ಮಾಡಿತು. ಆ ವರ್ಷದ ಮಾರ್ಚ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯ ಒಂದು ವೃಂದ ಅಭ್ಯಾಸಕ್ಕೆ ಸೇರಿದ್ದ ಸಂಜೆಯ ನಂತರ, ಬಂದಿದ್ದ 61 ಜನರಲ್ಲಿ 53 ಮಂದಿಗೆ ಸೋಂಕಿನ ಲಕ್ಷಣ ಕಾಣಿಸಿಕೊಂಡು ಇಬ್ಬರು ತೀರಿಕೊಂಡರು. ಒಟ್ಟಿಗೆ ಉಸಿರೆಳೆದು ಹಾಡುವುದೇ ಅಪಾಯವೆಂದಾದಾಗ ವೃಂದಗಳು ಪರದೆಯ ಮೇಲಿನ ಚೌಕಗಳಾದವು. ಅಂತರ್ಜಾಲದ ಮೂಲಕ ಜೊತೆಗೆ ಹಾಡಲು ಮಾಡಿದ ಪ್ರಯತ್ನಗಳಿಗೆ ವಿಳಂಬ ಅಡ್ಡಿಯಾಯಿತು. ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟಲು ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ತಡವಾದರೂ ಲಯ ಜಾರುತ್ತದೆ. ಆದ್ದರಿಂದ ಪ್ರತಿಯೊಬ್ಬರೂ ಮನೆಯಲ್ಲಿ ಕಿವಿಗೆ ತಾಳದ ಟಿಕ್‌ಟಿಕ್ ಹಾಕಿಕೊಂಡು ಮೊಬೈಲಿಗೆ ಒಂಟಿಯಾಗಿ ಹಾಡಿ ಕಳಿಸಿದರು, ಸಂಕಲನಕಾರ ಜೋಡಿಸಿದನು. 1909ರಲ್ಲಿ ವೃಂದವನ್ನು ನಾಲ್ವರಿಗೆ ಇಳಿಸಲಾಗಿತ್ತು. 2020ರಲ್ಲಿ ಒಬ್ಬೊಬ್ಬರನ್ನು ಪೋಣಿಸಿ ವೃಂದ ಮಾಡಲಾಯಿತು. ಪಕ್ಕದವರ ದನಿಗೆ ತನ್ನದನ್ನು ಹೊಂದಿಸುವ ಕೆಲಸ ಹಾಡುವವರಿಂದ ತಂತ್ರಾಂಶಕ್ಕೆ ವರ್ಗವಾದದ್ದು ಆಗಲೇ. ಹಾಗೆ ಪ್ರತಿಯೊಬ್ಬರ ಕೊರಳೂ ಬಿಡಿ ಕಡತವಾಗಿ, ಸ್ವಚ್ಛವಾಗಿ ದಾಖಲಾಯಿತು.

ಈಗ ಹಣದ ಮಾತು. ಅಮೆರಿಕದಲ್ಲಿ ಸಾಂಪ್ರದಾಯಿಕ ರೇಡಿಯೋ ಕೇಂದ್ರಗಳು ಹಾಡಿನ ರಚನಕಾರರಿಗೆ ಹಣ ಕೊಡುತ್ತವೆ, ಹಾಡಿದವರಿಗೆ ಏನೂ ಕೊಡುವುದಿಲ್ಲ. ಡಿಜಿಟಲ್ ಮತ್ತು ಉಪಗ್ರಹ ರೇಡಿಯೋಗಳಿಂದ ಬರುವ ಹಣವನ್ನು ಕಾನೂನು ಹೀಗೆ ಹಂಚುತ್ತದೆ: ಶೇ 50 ಮುದ್ರಣದ ಒಡೆಯರಿಗೆ, ಶೇ 45 ಮುಖ್ಯ ಕಲಾವಿದರಿಗೆ, ಉಳಿದ ಶೇ 5 ಮುಖ್ಯರಲ್ಲದವರಿಗೆ. ಈ ಕೊನೆಯ ಪಾಲಿನಲ್ಲಿ ಅರ್ಧ ವಾದ್ಯಗಾರರದು, ಅರ್ಧ ಸಹಗಾಯಕರದು. ಮುಖಪುಟದಲ್ಲಿ ವೃಂದದ ಹೆಸರೇ ಇದ್ದರೆ ಅದಕ್ಕೆ ಶೇ 45ರ ಹಕ್ಕು ಬರುತ್ತದೆ. ಮುಂದಾಳಿನ ಹೆಸರಷ್ಟೇ ಇದ್ದರೆ ಹಿಂದಿನ ಎಂಬತ್ತು ಜನರಿಗೆ ಉಳಿಯುವುದು ಶೇ 2.5. ಬೇಡಿಕೆಯ ಮೇರೆಗೆ ಹಾಡು ಕೇಳಿಸುವ ಸ್ಪಾಟಿಫೈನಂಥ ಸೇವೆಗಳಲ್ಲಿ ಕಾನೂನಿನ ಹಂಚಿಕೆಯೂ ಇಲ್ಲ, ಎಲ್ಲವೂ ಕಂಪನಿಯ ಒಪ್ಪಂದಕ್ಕೆ ಬಿಟ್ಟದ್ದು. ಅದರ ಮೇಲೆ ಸ್ಪಾಟಿಫೈ 2024ರಿಂದ, ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳದ ಹಾಡಿಗೆ ಹಣ ಕೊಡುವುದನ್ನು ನಿಲ್ಲಿಸಿದೆ. ಊರಿನ ಚರ್ಚಿನ ವೃಂದಗಳು ಬೀಳುವುದು ಹೆಚ್ಚಾಗಿ ಈ ಗೆರೆಯ ಕೆಳಗೇ.

ಇಷ್ಟೆಲ್ಲ ಬಾಕಿ ಇರುವಾಗ ಕೃತಕ ಬುದ್ಧಿಮತ್ತೆ ಎರಡು ದಾರಿಗಳಿಂದ ಬಂದಿದೆ. ಒಂದು, ಬೆರೆತ ಮುದ್ರಿಕೆಯನ್ನು ಬಿಡಿಸುವ ತಂತ್ರ. 2019ರಲ್ಲಿ ಅಂತರ್ಜಾಲದಲ್ಲಿ ಹಾಡು ಕೇಳಿಸುವ ಡೀಝರ್ ಕಂಪನಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ಸ್ಪ್ಲೀಟರ್‌ನಂಥ ತಂತ್ರಾಂಶಗಳು ಹಾಡನ್ನು ಸಾಮಾನ್ಯವಾಗಿ ಗಾಯನ, ತಾಳವಾದ್ಯ, ಬೇಸ್, ಇತರೆ ಎಂದು ನಾಲ್ಕಾಗಿ ಸೀಳುತ್ತವೆ. ಈ ವಿಂಗಡಣೆ ಪಾಪ್ ಹಾಡಿಗೆ ಹೇಳಿ ಮಾಡಿಸಿದ್ದು. ಗಾಸ್ಪೆಲ್ ವೃಂದದ ಚಪ್ಪಾಳೆ ತಾಳವಾದ್ಯದ ಕಡೆಗೆ ಹೋಗುತ್ತದೆ, ದೀರ್ಘವಾಗಿ ಎಳೆದ ಸ್ವರಗುಚ್ಛ ಆರ್ಗನ್ನಿನ ನಾದದೊಂದಿಗೆ ಕಲಸಿಕೊಳ್ಳುತ್ತದೆ, ಬೆಂಚಿನಿಂದೆದ್ದ ಕೂಗು ಎಲ್ಲಿ ಸೇರಬೇಕೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಬರ್ಕ್ಲಿಯ ಎರಡು ಟ್ರ್ಯಾಕಿನ ಟೇಪನ್ನು ಸುತ್ತಲೂ ಕೇಳುವ ಇಂದಿನ ಸ್ಪೇಷಿಯಲ್ ಆಡಿಯೋಗೆ ಹೊಂದಿಸಬೇಕಾದರೆ ಇಂಥ ಸೀಳುವಿಕೆ ಬೇಕೇ ಬೇಕು. ಸವೆದ ತಟ್ಟೆಯ ಕರಕರ ಸದ್ದನ್ನು ತೆಗೆಯಲು ಈ ತಂತ್ರ ವರವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಚರ್ಚಿನ ಗೋಡೆಯನ್ನೂ ಸಭೆಯ ಕೂಗನ್ನೂ ಕೊಳೆಯೆಂದು ತಿಳಿದು ತೊಳೆದುಹಾಕಿದರೆ ಮಾತ್ರ 1963ರಲ್ಲಿ ಗಳಿಸಿದ್ದನ್ನು ಮತ್ತೆ ಕಳೆದುಕೊಂಡಂತೆ.

ಇನ್ನೊಂದು ದಾರಿ ಹಾಡನ್ನೇ ಹುಟ್ಟಿಸುವ ಸುನೋ, ಉಡಿಯೊಗಳಂಥ ಸೇವೆಗಳದು. ನಾಲ್ಕು ಪದ ಟೈಪಿಸಿದರೆ ಅವು ಇಡೀ ಗಾಸ್ಪೆಲ್ ವೃಂದವನ್ನು ಕೇಳಿಸುತ್ತವೆ. ಮೂರು ದೊಡ್ಡ ಸಂಗೀತ ಕಂಪನಿಗಳು 2024ರ ಜೂನ್‌ನಲ್ಲಿ ಇವುಗಳ ಮೇಲೆ ಮೊಕದ್ದಮೆ ಹೂಡಿದವು. 2025ರ ಕೊನೆಯ ಹೊತ್ತಿಗೆ ಅವುಗಳಲ್ಲಿ ಯೂನಿವರ್ಸಲ್ ಉಡಿಯೊ ಜೊತೆಗೂ, ವಾರ್ನರ್ ಎರಡರ ಜೊತೆಗೂ ಪರವಾನಗಿಯ ಒಪ್ಪಂದ ಮಾಡಿಕೊಂಡವು. ಅದೇ ವರ್ಷದ ನವೆಂಬರ್‌ನಲ್ಲಿ ಸಾಲಮನ್ ರೇ ಎಂಬ, ದೇಹವೇ ಇಲ್ಲದ, ಯಂತ್ರ ಹುಟ್ಟಿಸಿದ ‘ಗಾಯಕ’ನ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಗಾಸ್ಪೆಲ್ ಡಿಜಿಟಲ್ ಮಾರಾಟದ ಪಟ್ಟಿಯ ತುದಿಗೇರಿ, ಭಕ್ತಿಗೀತೆಗೆ ಭಕ್ತನೇ ಬೇಡವೇ ಎಂಬ ಚರ್ಚೆ ಎಬ್ಬಿಸಿತು. ಈ ಒಪ್ಪಂದಗಳಲ್ಲಿ ಕಂಪನಿ ಮತ್ತು ಹೆಸರುಳ್ಳ ಕಲಾವಿದರು ಪಕ್ಷಗಾರರು. ಯಂತ್ರ ಕಲಿತಿರುವುದು ಎಂಬತ್ತು ಕೊರಳುಗಳು ಸೇರಿದಾಗ ಉಂಟಾಗುವ ಹೊಳಪನ್ನಾದರೆ, ಅದರ ಬೆಲೆಯನ್ನು ಕೇಳಲು ಹಕ್ಕುಳ್ಳವರು ಯಾರು ಎಂಬುದಕ್ಕೆ ಎಲ್ವಿಸ್ ಕಾಯ್ದೆಯಲ್ಲಿ ಉತ್ತರವಿಲ್ಲ. ಆ ಹೊಳಪು ಯಾವ ‘ನಿರ್ದಿಷ್ಟ ವ್ಯಕ್ತಿ’ಗೂ ಸೇರಿದ್ದಲ್ಲ.

ಕಾಯ್ದೆಗಳಿಗಿಂತ ಮುಂದೆ ಹೋಗಿ ಯೋಚಿಸಿದ ಪ್ರಯೋಗವೊಂದು ಲಂಡನ್ನಿನಲ್ಲಿ ನಡೆಯಿತು. ಹಾಲಿ ಹರ್ಂಡನ್ ಮತ್ತು ಮ್ಯಾಟ್ ಡ್ರೈಹರ್ಸ್ಟ್ ಎಂಬ ಕಲಾವಿದರು ಸರ್ಪೆಂಟೈನ್ ಗ್ಯಾಲರಿಗಾಗಿ 2024ರಲ್ಲಿ ಬ್ರಿಟನ್ನಿನ 15 ಸಮುದಾಯ ವೃಂದಗಳನ್ನು, ಯಂತ್ರಕ್ಕೆ ಕಲಿಸಲೆಂದೇ ಬರೆದ ಹಾಡುಗಳೊಂದಿಗೆ, ಮುದ್ರಿಸಿದರು. ಆ ಸಾಮಗ್ರಿಯ ಬಳಕೆಯನ್ನು ಹಾಡಿದವರೇ ಒಟ್ಟಾಗಿ ನಿರ್ಧರಿಸುವಂತೆ ಒಂದು ದತ್ತಾಂಶ ಟ್ರಸ್ಟನ್ನು ರೂಪಿಸುವ ಯತ್ನವೂ ಜೊತೆಗೆ ನಡೆಯಿತು. ಇವು ಗಾಸ್ಪೆಲ್ ವೃಂದಗಳಲ್ಲ, ಪ್ರಯೋಗವೂ ಚಿಕ್ಕದು. ಆದರೂ ವೃಂದವನ್ನು ಒಬ್ಬ ಮುಂದಾಳಿನ ನೆರಳೆಂದಾಗಲಿ, ಬಿಡಿ ವ್ಯಕ್ತಿಗಳ ಗುಂಪೆಂದಾಗಲಿ ನೋಡದೆ, ಒಟ್ಟಾಗಿ ಹಕ್ಕುಳ್ಳ ಒಂದು ಘಟಕವೆಂದು ಅದು ಕಂಡಿತು. ಚರ್ಚುಗಳ ವೃಂದಗಳು ಇದನ್ನು ಅನುಸರಿಸಲು ಹೊಸ ಕಾನೂನಿಗಾಗಿ ಕಾಯಬೇಕಿಲ್ಲ: ಮುದ್ರಣದ ದಿನ ಸಹಿ ಮಾಡುವ ಕಾಗದದಲ್ಲಿ ಸದಸ್ಯರೆಲ್ಲರ ಹೆಸರಿರಬೇಕು, ವೃಂದವೇ ಮುಖ್ಯ ಕಲಾವಿದ ಎಂದಿರಬೇಕು, ಯಂತ್ರಕ್ಕೆ ಕಲಿಸಲು ಬೇರೆಯೇ ಒಪ್ಪಿಗೆ ಬೇಕು ಎಂದಿರಬೇಕು. ಪಾದ್ರಿಯೋ ನಿರ್ದೇಶಕನೋ ಎಲ್ಲರ ಪರವಾಗಿ ಒಂದು ಸಹಿ ಹಾಕಿ ಮುಗಿಸುವ ರೂಢಿ ಬೇರೂರಿರುವ ಕಡೆ ಇದು ಹೇಳಿದಷ್ಟು ಸುಲಭವಲ್ಲ.

ಹಳೆಯ ಮುದ್ರಿಕೆಗಳಿಗೆ ಆ ಅವಕಾಶವೂ ಇಲ್ಲ. 2018ರ ಅದೇ ಕಾಯ್ದೆಯಂತೆ 1923ಕ್ಕಿಂತ ಹಿಂದಿನ ಎಲ್ಲ ಧ್ವನಿಮುದ್ರಣಗಳೂ 2022ರ ಜನವರಿ 1ರಂದು ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾದವು. 2024ರಿಂದ ವರ್ಷಕ್ಕೊಂದರಂತೆ ಸರದಿ ಬರುತ್ತಿದ್ದು, 1925ರವು 2026ರ ಜನವರಿಯಲ್ಲಿ ಬಿಡುಗಡೆಯಾದವು. 1909ರ ಫಿಸ್ಕ್ ಚತುಷ್ಕವನ್ನು ಇಂದು ಯಾರು ಬೇಕಾದರೂ ಕೇಳಬಹುದು, ಹಂಚಬಹುದು, ಯಂತ್ರಕ್ಕೆ ಉಣಿಸಲೂಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಅದೇ ಹೆಸರಿನ ಇಂದಿನ ವೃಂದ 150ನೆಯ ವರ್ಷದ ನೆನಪಿಗೆ ತಂದ ಮುದ್ರಿಕೆಗೆ 2021ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅದರಲ್ಲಿ ಹೆಣ್ಣುದನಿಗಳೂ ಇವೆ, ಮಂದ್ರವೂ ಇದೆ, ‘ಸ’ಕಾರವೂ ಸ್ಪಷ್ಟವಾಗಿದೆ. ಅದರ ಮೇಲಿನ ಹಕ್ಕು ಇನ್ನೂ ಹಲವು ದಶಕ ಬಾಳುತ್ತದೆ, ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರ ಪಾಲಿಗೆ.